ಅಜ್ಜಿಯ ತಲೆಗೆ ಕಟ್ಟಿದ ಹಾಡು

ಆಸ್ಪತ್ರೆಯ ಹಿಂದೆ, ಹೆಣ ಇಡುವ ಕೋಣೆಗೂ ಅಡುಗೆಮನೆಗೂ ನಡುವೆ, ಬಟ್ಟೆ ಒಗೆಯುವ ಕೋಣೆ ಇದೆ. ಮದುವೆಯಾದ ವರ್ಷವೇ ಅವಳು ಅಲ್ಲಿ ಕೆಲಸಕ್ಕೆ ಸೇರಿದಳು. ಆಮೇಲೆ ಗಂಡ ಬಿಟ್ಟುಹೋದ, ಕೆಲಸ ಉಳಿಯಿತು. ಬಾಯ್ಲರು ಹೊಡೆದುಕೊಳ್ಳುವಾಗ ಪಕ್ಕದಲ್ಲಿ ನಿಂತವರ ಮಾತೂ ಕಿವಿಗೆ ಬೀಳದ ಆ ಕೋಣೆಯಲ್ಲಿ, ಈ ಗೋಡೆಯಿಂದ ಆ ಗೋಡೆಗೆ ಮುಟ್ಟುವುದು ಅವಳ ದನಿಯೊಂದೇ. ಅದಕ್ಕೇ ಅವಳನ್ನು ಎಲ್ಲರೂ ಗಂಟಲಕ್ಕ ಅನ್ನುತ್ತಾರೆ. ನಿಜವಾದ ಹೆಸರು ಸಂಬಳ ಕೊಡುವವನಿಗೆ ಗೊತ್ತಿರಬಹುದು.

ಅವಳ ತಂಗಿಯೂ ಅಲ್ಲೇ ಕೆಲಸಕ್ಕಿದ್ದಳು. ಯಂತ್ರದಿಂದ ತೆಗೆದ ಒದ್ದೆ ಬೆಡ್‌ಶೀಟನ್ನು ಒಬ್ಬಳು ಹಿಂಡಿ ಹರವುವುದು ಆಗದ ಮಾತು. ಎರಡೂ ತುದಿಯಲ್ಲಿ ಇಬ್ಬರು ನಿಲ್ಲಬೇಕು, ಒಟ್ಟಿಗೆ ಎಳೆಯಬೇಕು, ಒಟ್ಟಿಗೆ ಕೊಡವಬೇಕು. ಒಬ್ಬಳು ಮುಂಚೆ ಎಳೆದರೆ ಇನ್ನೊಬ್ಬಳ ಭುಜ ಕಳಚುತ್ತದೆ. ಆದ್ದರಿಂದ ಅಲ್ಲಿ ಹಾಡುವುದು ಶೋಕಿಯಲ್ಲ, ಕೆಲಸದ ಭಾಗ. ಅಕ್ಕ ಹಾಡಿನಲ್ಲಿ ಪ್ರಶ್ನೆ ಕೇಳುತ್ತ ಎಳೆಯುವಳು, ತಂಗಿ ಉತ್ತರಿಸುತ್ತ ಎಳೆಯುವಳು. ತಂಗಿಯ ದನಿ ಅಕ್ಕನದಕ್ಕಿಂತ ಕೆಳಗೆ, ಸ್ವಲ್ಪ ಒಡಕು, ಪಾತ್ರೆಯ ತಳ ಕೆರೆದಂತೆ. ಆದರೂ ಅಕ್ಕ ಕೇಳಿದ್ದಕ್ಕೆ ಅವಳು ಉತ್ತರ ಕೊಡುವವರೆಗೆ ಸುತ್ತಲಿದ್ದವರಿಗೆ ಸಮಾಧಾನವಿರುತ್ತಿರಲಿಲ್ಲ.

ಕೈಗವಸಿಲ್ಲದೆ ಬ್ಲೀಚಿಂಗ್ ನೀರಿನಲ್ಲಿ ಕೈಯಾಡಿಸಿ ಹೆಂಗಸರ ಉಗುರು ಕಳಚಲು ಶುರುವಾದಾಗ ಮುಷ್ಕರವಾಯಿತು. ಆಸ್ಪತ್ರೆಯ ಗೇಟಿನ ಎದುರು ಗಂಟಲಕ್ಕ ಬೆಡ್‌ಶೀಟಿನ ಹಾಡನ್ನೇ ತಿರುಗಿಸಿ ಕಟ್ಟಿದಳು.

‘ಯಾರ ಕೊಳೆ ಇದು ಯಾರ ಕೊಳೆ?’
‘ಒಗೆದಷ್ಟೂ ಬರೋ ದೊಡ್ಡೋರ ಕೊಳೆ.’
‘ಬಾಯ್ಲರ ಬಾಯಿಗೆ ಹಾಕಿದರೂ?’
‘ಬಿಳಿಯಾಗದ್ದು ಮಂತ್ರಿಯ ಕೊಳೆ.’

ಮಂತ್ರಿಗೆ ನೋವಾಯಿತು. ಜನರನ್ನು ಕೆರಳಿಸುವ ಹಾಡು ಎಂದು ಕೇಸು ಬಿತ್ತು. ಗಂಟಲಕ್ಕನೂ ಸೇರಿ ಆರು ಹೆಂಗಸರನ್ನು ಹಿಡಿದರು. ತಂಗಿ ಅವತ್ತು ಕೆಮ್ಮಿಕೊಂಡು ಮನೆಯಲ್ಲಿ ಮಲಗಿದ್ದಳು, ಹಾಗಾಗಿ ತಪ್ಪಿಸಿಕೊಂಡಳು.

ನಮ್ಮ ಚಳವಳಿಯಲ್ಲಿ ಮೊದಲಿನಿಂದ ಒಂದು ರಿವಾಜು. ಹಾಡಿಗೆ, ಘೋಷಣೆಗೆ, ಕರಪತ್ರಕ್ಕೆ ಹೆಸರು ಹಾಕುವುದಿಲ್ಲ. ಹೆಸರಿದ್ದ ಕಡೆ ಪೊಲೀಸರಿಗೆ ದಾರಿ ಸಲೀಸು. ಯಾರು ಕಟ್ಟಿದ್ದು ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ: ನಮ್ಮಜ್ಜಿ. ಪೊಲೀಸರ ಕಡತಗಳ ಪ್ರಕಾರ ನಮ್ಮಜ್ಜಿಯಷ್ಟು ದೊಡ್ಡ ಕವಿ ಇನ್ನೊಬ್ಬರಿಲ್ಲ. ಮಣ್ಣಾದ ಮೇಲೂ ಸರ್ಕಾರದ ಮೇಲೆ ಬರೆಯುತ್ತಲೇ ಇದ್ದಾಳೆ ಮುದುಕಿ.

ಗಂಟಲಕ್ಕನೂ ಕೋರ್ಟಿನಲ್ಲಿ ಪ್ರಮಾಣ ಮಾಡಿ ಅದನ್ನೇ ಹೇಳಿದಳು. ಹಾಡು ನಂದಲ್ಲ, ಅಜ್ಜಿ ಕಾಲದ್ದು, ನಾನು ಬರೀ ಹಾಡಿದವಳು. ಅಜ್ಜಿ ಕಾಲದಲ್ಲಿ ಬಾಯ್ಲರ್ ಇತ್ತೇನಮ್ಮ ಎಂದು ಸರ್ಕಾರಿ ವಕೀಲ ಚುಚ್ಚಿದ. ನಮ್ಮಜ್ಜಿ ಬಲು ಮುಂದಾಲೋಚನೆಯವಳು ಸ್ವಾಮಿ ಅಂದಳು. ನ್ಯಾಯಾಧೀಶರೂ ನಕ್ಕರಂತೆ. ಕಟ್ಟಿದವರು ಯಾರೆಂದು ಸಾಬೀತಾಗಲಿಲ್ಲ, ಆರೂ ಜನ ಬಿಡುಗಡೆಯಾದರು. ಸರ್ಕಾರ ಮೇಲಿನ ಕೋರ್ಟಿಗೆ ಅಪೀಲು ಹಾಕಿತು. ಅದು ಇನ್ನೂ ಅಲ್ಲೇ ಬಿದ್ದಿದೆ.

ಹಿಡಿದ ದಿನ ಪೊಲೀಸರು ಅವಳ ಫೋನನ್ನೂ ಕಿತ್ತುಕೊಂಡಿದ್ದರು. ಪಾಸ್‌ವರ್ಡ್ ಹೇಳಿಸಿಕೊಂಡು ಠಾಣೆಯಲ್ಲಿ ಕೈಯಿಂದ ಕೈಗೆ ದಾಟಿಸಿದರು. ತಂಗಿಯ ಎಕ್ಸ್‌ರೇ, ಸುಟ್ಟ ಕೈಗಳ ಫೋಟೊ, ಅಕ್ಕತಂಗಿ ಗಂಡಂದಿರನ್ನು ಬೈದುಕೊಂಡ ಮೆಸೇಜು, ಎಲ್ಲವನ್ನೂ ಓದಿ ನಕ್ಕರು. ಆ ಫೋನು ಸಾಕ್ಷಿಯಾಗಿ ಕೋರ್ಟಿಗೆ ಹೋಯಿತು. ಕಂಡಕಂಡವರೆಲ್ಲ ಇಣುಕಿದ ಫೋನನ್ನು ಅವಳೊಬ್ಬಳು ಮುಟ್ಟುವಂತಿಲ್ಲ.

ಅದರಲ್ಲಿ ಒಂದು ವಿಡಿಯೋ ಇತ್ತು. ಮುಷ್ಕರಕ್ಕೆ ಹೊರಡುವ ಮುಂಚೆ, ಬಾಯ್ಲರ್ ಆರಿಸಿದ್ದ ಹೊತ್ತಿನಲ್ಲಿ, ಅಕ್ಕತಂಗಿ ಬೆಡ್‌ಶೀಟ್ ಹಿಡಿದು ಹೊಸ ಹಾಡನ್ನು ಕೂಡಿಸಿಕೊಳ್ಳುತ್ತಿದ್ದುದು. ಬೇರೆಯವರು ತೆಗೆದದ್ದರಲ್ಲೆಲ್ಲ ಗುಂಪಿನ ಗದ್ದಲ. ತಂಗಿಯ ದನಿ ಬಿಡಿಯಾಗಿ ಕೇಳುವುದು ಇದೊಂದರಲ್ಲೇ. ಕೊನೆಯಲ್ಲಿ ಅವಳು ಸಾಲು ಮರೆತು ‘ಅಯ್ಯೋ ನಿನ್ನ, ನಿಧಾನ ಎಳಿಯೇ ಕತ್ತೆ’ ಎಂದು ಅಕ್ಕನಿಗೆ ಬೈಯುವುದೂ ಇದೆ. ಫೋನು ಹೋಗುವ ಮುಂಚೆ ಅದನ್ನು ತಂಗಿಮಗಳಿಗೆ ಕಳಿಸಿದ್ದಳು. ಆ ಹುಡುಗಿ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಅವಳು ನೆಟ್ಟಿಗೆ ಹಾಕಿದಳು, ಅಲ್ಲಿದೆಯಲ್ಲ ಎಂದು ತನ್ನ ಫೋನಿನಿಂದ ಅಳಿಸಿದಳು. ಫೋನು ತುಂಬಿದಾಗ ಎಲ್ಲರೂ ಮಾಡುವ ಕೆಲಸ.

ಕೇಸು ಮುಗಿಯುವಷ್ಟರಲ್ಲಿ ತಂಗಿ ಸತ್ತಳು. ಶ್ವಾಸಕೋಶದ ಕಾಯಿಲೆ ಅಂದರು. ಬ್ಲೀಚಿಂಗ್ ಅಂತ ಯಾರೂ ಬರೆದುಕೊಡಲಿಲ್ಲ. ಆಮೇಲೆ ಹುಡುಗಿ ಅಂಗಡಿಯಲ್ಲಿ ಊಟದ ಬಿಡುವಿಗೆ ಕಿವಿಗೆ ತಂತಿ ಸಿಕ್ಕಿಸಿಕೊಂಡು ಅದನ್ನೇ ನೋಡುತ್ತಿದ್ದಳು. ಭಾನುವಾರ ದೊಡ್ಡಮ್ಮನ ಮನೆಗೆ ಬಂದರೆ ಇಬ್ಬರೂ ಕೂತು ನೋಡುವರು. ಅಳುತ್ತಿರಲಿಲ್ಲ. ‘ಕತ್ತೆ’ ಬಂದಾಗ ನಗುವರು.

ಅಷ್ಟರಲ್ಲಿ ಒಂದು ಸಂಗೀತ ಕಂಪನಿ ಹಾಡನ್ನು ಹೆಕ್ಕಿಕೊಂಡಿತು. ಎಲ್ಲಿ ಕೇಳಿತೋ, ಯಾರು ಮಾರಿದರೋ. ಡೋಲು ಹಾಕಿ, ಗಂಡಸಿನ ದನಿಯಲ್ಲಿ ಹಾಡಿಸಿ ಬಿಟ್ಟರು. ಕೊಳೆ, ಬಾಯ್ಲರ್ ಎಲ್ಲ ಹಾಗೇ ಇದೆ, ಮಂತ್ರಿ ಮಾತ್ರ ಮಾವ ಆಗಿದ್ದಾನೆ. ಯಾವ ಪದಕ್ಕೆ ಆರು ಹೆಂಗಸರು ಜೈಲು ಕಂಡರೋ ಆ ಪದ ತೆಗೆದರೆ ಊರೆಲ್ಲ ಕುಣಿಯಬಹುದು. ನಮ್ಮ ಹಾಡು ನಮಗಿಂತ ಮುಂದೆ ಓಡಿತು ಎಂದು ನಮ್ಮವರೇ ಚಪ್ಪಾಳೆ ತಟ್ಟಿದರು. ಗಂಟಲಕ್ಕ ಕೂಡ, ಪಾಪ ಅಳಿಯನಿಗೆ ಯಾಕಷ್ಟು ಸಿಟ್ಟೋ ಎಂದು ನಕ್ಕಳು.

ಒಂದು ಭಾನುವಾರ ವಿಡಿಯೋ ತೆರೆಯಲಿಲ್ಲ. ಅದರ ಜಾಗದಲ್ಲಿ ಬೂದು ಬಣ್ಣದ ಚೌಕ. ಈ ಹಾಡಿನ ಕಾಪಿರೈಟ್ ಇಂಥ ಕಂಪನಿಯದು, ಅವರ ದೂರಿನ ಮೇಲೆ ತೆಗೆಯಲಾಗಿದೆ, ತಕರಾರಿದ್ದರೆ ಗಡುವಿನೊಳಗೆ ತಿಳಿಸಿ, ಇಲ್ಲವಾದರೆ ಪೂರ್ತಿ ಅಳಿಸಲಾಗುವುದು. ಮನುಷ್ಯರು ನೋಡಿ ತೆಗೆದದ್ದಲ್ಲ. ಯಂತ್ರವೊಂದು ರಾಗಕ್ಕೆ ರಾಗ ಹೊಂದಿಸಿ ನೋಡಿ ತೆಗೆದದ್ದು.

ಹುಡುಗಿಗೆ ಇದೇನು ದೊಡ್ಡದು ಅನ್ನಿಸಿತು. ಇದು ಹಳೇ ಹಾಡು, ಯಾರದೂ ಅಲ್ಲ ಎಂದು ಉತ್ತರ ಹಾಕಿದಳು. ಕಂಪನಿಯ ವಕೀಲರಿಂದ ಮರುತ್ತರ ಬಂತು. ಹಾಡಿನಲ್ಲಿ ಬಾಯ್ಲರ್ ಇದೆ, ಆದ್ದರಿಂದ ಇದು ಹಳೆಯದಲ್ಲ. ಯಾರೋ ಈಚೆಗೆ ಬರೆದದ್ದು. ಬರೆದೆ ಎಂದು ನಮ್ಮ ಸಾಹಿತಿ ಸಹಿ ಹಾಕಿಕೊಟ್ಟಿದ್ದಾರೆ, ನೋಂದಣಿಯಾಗಿದೆ. ಅವರಲ್ಲದೆ ಬೇರೆಯವರು ಬರೆದಿದ್ದರೆ ಹೆಸರು, ವಿಳಾಸ ಸಮೇತ ಪ್ರಮಾಣ ಮಾಡಿ ಹೇಳಲಿ. ಸರ್ಕಾರಿ ವಕೀಲ ಕೇಳಿದ್ದ ಪ್ರಶ್ನೆಯೇ. ಆದರೆ ಈ ಸಲ ನಗಲು ಅಲ್ಲಿ ಯಾರೂ ಇರಲಿಲ್ಲ.

ಕೇಸು ನಡೆಸಿದ್ದ ನಮ್ಮ ವಕೀಲನ ಹತ್ತಿರ ಹೋದರು. ನಲವತ್ತು ದಾಟಿದವನು, ಚಳವಳಿಯ ಕೇಸು ಹಿಡಿದು ಹಿಡಿದು ಕೋಟಿನ ಮೊಣಕೈ ತೇಪೆಯಾಗಿದೆ. ಓದಿ ಕನ್ನಡಕ ತೆಗೆದಿಟ್ಟ. ಗಂಟಲಕ್ಕ ಕೇಳಿದ್ದು ಒಂದೇ ಮಾತು.

“ನಂದು ಅಂತ ಬರಕೊಟ್ರೆ ವಿಡಿಯೋ ವಾಪಸ್ ಬರುತ್ತಾ?”

“ಬಂದ್ರೂ ಬರಬಹುದು ಅಕ್ಕ. ಆದ್ರೆ ನೀನು ಬರಕೊಟ್ಟಿದ್ದು ನೇರ ಕಂಪನಿ ಕೈಗೆ ಹೋಗುತ್ತೆ. ಅವರು ಅದನ್ನ ತಗೊಂಡು ಎಲ್ಲಿಗೆ ಬೇಕಾದ್ರೂ ಹೋಗಬಹುದು. ಅಪೀಲಿನಲ್ಲಿ ಸರ್ಕಾರಕ್ಕೆ ಬೇಕಾಗಿರೋದು ಅದೊಂದೇ ಹಾಳೆ.”

“ನಾನು ಹೋಗಿ ಕೂರ್ತೀನಿ ಬಿಡು. ಜೈಲೇನು ಹೊಸದಾ.”

“ನೀನೊಬ್ಬಳೇ ಅಲ್ಲ. ಆರೂ ಜನ ಒಂದೇ ಮಾತು ಹೇಳಿದ್ದೀರಿ. ಒಬ್ಬಳದು ಸುಳ್ಳಾದ್ರೆ ಆರೂ ಜನರದ್ದು ಸುಳ್ಳು.”

ಅವಳು ಉಳಿದ ಐವರನ್ನು ಬೆರಳಲ್ಲಿ ಎಣಿಸಿದಳು. ಆ ಐವರಲ್ಲಿ ಒಬ್ಬಳು ಬಾಣಂತಿ. ಇನ್ನೊಬ್ಬಳ ಗಂಡ ಹಾಸಿಗೆ ಹಿಡಿದವನು. ಮೊದಲ ಸಲ ಜೈಲಿನಿಂದ ಬಂದಾಗ ಒಬ್ಬಳ ಮಗು ತಾಯಿಯ ಗುರುತು ಹಿಡಿಯದೆ ಅತ್ತಿತ್ತು. ಎಲ್ಲರದು ಅಂತ ಬರೆದರೆ ಆಗದಾ ಎಂದು ಕೇಳಿದಳು. ಎಲ್ಲರದು ಅನ್ನೋದಕ್ಕೆ ಕಾನೂನಿನಲ್ಲಿ ವಿಳಾಸ ಇಲ್ಲ ಅಂದ ವಕೀಲ. ಒಂದು ಹಾಡು ಇವಳದು ಎಂದರೆ ಅಪರಾಧ, ಇವಳದಲ್ಲ ಎಂದರೆ ಕಂಪನಿಯ ಆಸ್ತಿ. ಪೊಲೀಸರಿಗೆಂದು ನಾವು ತೋಡಿದ ಹಳ್ಳಕ್ಕೆ ನಮ್ಮವಳೇ ಬಿದ್ದಳು. ಹೆಸರು ಹಾಕದ ನಮ್ಮ ಜಾಣತನದ ಹಣೆಬರಹ ಇಷ್ಟು.

ಹುಡುಗಿ ಮನೆಗೆ ಬಂದು ಹಟ ಹಿಡಿದಳು. ನಿಮ್ಮ ಹೋರಾಟ, ನಿಮ್ಮ ಮಂತ್ರಿ, ನಿಮ್ಮ ಅಜ್ಜಿ, ನನಗೆ ಯಾವುದೂ ಬೇಡ ಅಂದಳು. ಗಂಟಲಕ್ಕ ಒಗೆದ ಬಟ್ಟೆ ಮಡಚುತ್ತ ಬಾಣಂತಿಯ ಮಾತೆತ್ತಿದಳು.

“ಅವರ ಮಕ್ಕಳಿಗೆ ಅಮ್ಮಂದಿರು ಇದಾರೆ ದೊಡ್ಡಮ್ಮ. ನನಗೆ ಇದ್ದದ್ದು ಅದೊಂದು ವಿಡಿಯೋ.”

“ಇರೋದಕ್ಕೇ ಹೇಳ್ತಿರೋದು ಕಣೇ. ಇದ್ದವರನ್ನ ಕಿತ್ತುಕೊಳ್ಳಬಾರದು.”

“ಹಂಗಾದ್ರೆ ಅಮ್ಮನ ಪಾಲಿನದ್ದು ನೀನು ಹಾಡು. ನಾನು ರೆಕಾರ್ಡ್ ಮಾಡ್ಕೋತೀನಿ.”

ಕುಚೋದ್ಯಕ್ಕೆ ಹೇಳಿದ್ದೋ, ನಿಜವಾಗಿ ಕೇಳಿದ್ದೋ. ಗಂಟಲಕ್ಕ ಪ್ರಯತ್ನಪಟ್ಟಳು. ಇಡೀ ಮೈದಾನಕ್ಕೆ ಕೇಳುವ ಗಂಟಲು ಅದು, ಆದರೆ ಕೇಳಿ ಗೊತ್ತೇ ಹೊರತು ಉತ್ತರಿಸಿ ಗೊತ್ತಿಲ್ಲ. ಕೆಳಗಿನ ದನಿಗೆ ಇಳಿಯಲು ಹೋಗಿ ಕೆಮ್ಮು ಬಂತು. ಹುಡುಗಿ ಫೋನು ಒಳಗಿಟ್ಟು ಎದ್ದುಹೋದಳು.

ಗಡುವು ಇನ್ನೂ ಇತ್ತು. ಗಂಟಲಕ್ಕ ರಜೆ ಹಾಕಿ ಕೋರ್ಟಿಗೆ ಹೋದಳು. ವಕೀಲ ಅರ್ಜಿ ಬರೆದುಕೊಟ್ಟಿದ್ದ: ಫೋನು ಕೊಡದಿದ್ದರೆ ಬೇಡ, ಅದರಲ್ಲಿರುವ ಒಂದು ವಿಡಿಯೋದ ನಕಲು ಕೊಡಿ. ಅಪೀಲು ತೀರ್ಮಾನವಾಗುವವರೆಗೆ ಮುಟ್ಟುವಂತಿಲ್ಲ ಎಂದು ಅರ್ಜಿ ವಾಪಸು ಬಂತು. ಅವಳು ಮನೆಗೆ ಬರಲಿಲ್ಲ. ನೆಲಮಾಳಿಗೆಗೆ ಇಳಿದು, ಜಪ್ತಿಯಾದ ಸಾಮಾನು ಕಾಯುವ ಗುಮಾಸ್ತನ ಮುಂದೆ ನಿಂತಳು. ಕೊಡಬೇಡಿ, ಒಂದು ಸಲ ಕಿವಿಗೆ ಹಿಡೀರಿ ಸಾಕು ಎಂದು ಕೇಳಿಕೊಂಡಳು.

ಗುಮಾಸ್ತ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಬೈದಾದರೂ ಬರಬಹುದಿತ್ತು. ಒಳಗೆ ಹೋಗಿ ಕತ್ತಿ, ಬೀಗ, ಸೈಕಲ್ ಚಕ್ರಗಳ ನಡುವೆ ಹುಡುಕಿ ಒಂದು ಬಿಳಿ ಬಟ್ಟೆಯ ಪೊಟ್ಟಣ ತಂದು ಜಾಲರಿಯ ಆಚೆ ಮೇಜಿನ ಮೇಲಿಟ್ಟ. ಹೊಲಿಗೆ ಹಾಕಿ ಅರಗಿನ ಮುದ್ರೆ ಒತ್ತಿದ್ದರು. ಮುದ್ರೆ ಒಡೆದರೆ ನನ್ನ ಕೆಲಸ ಹೋಗುತ್ತಮ್ಮ, ನೋಡೋದಾದ್ರೆ ನೋಡು ಅಂದ.

ಅವಳು ನೋಡಿದಳು. ಬಟ್ಟೆ ಒಂದು ಕಡೆ ಉಬ್ಬಿ, ಹೊಲಿಗೆ ಬಿಗಿದು ನಿಂತಿತ್ತು. ಅಲ್ಲಿ ಹಳದಿ ಕಲೆ.

“ಯಾಕೆ ಹಿಂಗೆ ಊದಿಕೊಂಡಿದೆ?”

“ಬ್ಯಾಟರಿ ಊದುತ್ತೆ. ಬಹಳ ದಿನ ಇಟ್ಟ ಫೋನೆಲ್ಲ ಹಿಂಗೇ ಆಗೋದು. ಅಪೀಲು ಮುಗಿಯೋ ಹೊತ್ತಿಗೆ ಒಳಗೆ ಏನೂ ಇರಲ್ಲ.”

“ಬ್ಯಾಟರಿ ತೆಗೆದಿಡಬಹುದಲ್ಲ.”

“ತೆಗೆಯೋಕೆ ಮುದ್ರೆ ಒಡೀಬೇಕಲ್ಲಮ್ಮ.”

ಅವನು ಪೊಟ್ಟಣವನ್ನು ಅಲ್ಲಾಡದಂತೆ ಎರಡೂ ಕೈಯಲ್ಲಿ ಎತ್ತಿಕೊಂಡು ಒಳಗೆ ಹೋದ.

ಹೊರಗೆ ಬಂದು ಕನ್ನಡಕದ ಅಂಗಡಿಗೆ ನಡೆದಳು. ಹುಡುಗಿ ಗಿರಾಕಿಯೊಬ್ಬನ ಮೂಗಿನ ಮೇಲೆ ಚೌಕಟ್ಟು ಸರಿಮಾಡುತ್ತಿದ್ದಳು, ಮುಗಿಸಿ ಬಂದಳು. ಸಿಕ್ತಾ ಎಂದು ಕೇಳಿದಳು. ಗಂಟಲಕ್ಕ ಇದೆ ಅಂದಳು. ಕೇಳಿಸಿದ್ರಾ ಅಂದಳು. ಇಲ್ಲ. ಊದಿಕೊಂಡ ಬ್ಯಾಟರಿಯ ವಿಷಯ ಹೇಳಲಿಲ್ಲ.

ಹುಡುಗಿ ಫೋನು ತೆಗೆದು ದೊಡ್ಡಮ್ಮನ ಮುಂದೆ ಹಿಡಿದಳು. ಪರದೆಯ ಮೇಲೆ ತಕರಾರಿನ ಅರ್ಜಿ: ದೊಡ್ಡಮ್ಮನ ಹೆಸರು, ವಿಳಾಸ, ‘ಈ ಕೃತಿ ನನ್ನದು’ ಎಂಬಲ್ಲಿ ಒಂದು ಖಾಲಿ ಚೌಕ. ಎಲ್ಲ ಅವಳೇ ತುಂಬಿಟ್ಟಿದ್ದಳು, ಒತ್ತುವುದೊಂದು ಬಾಕಿ. ಗಂಟಲಕ್ಕ ಬೆರಳು ಮುಂದೆ ತರಲಿಲ್ಲ. ಹುಡುಗಿ ತುಸು ಹೊತ್ತು ಹಿಡಿದೇ ನಿಂತಳು. ಆಮೇಲೆ ಪರದೆ ತಾನಾಗಿಯೇ ಆರಿತು. ಒಳಗಿನಿಂದ ಮಾಲೀಕ ಕರೆದ, ಗಿರಾಕಿ ಬಂದಿದ್ದರು.