ಎರಡು ಡಬ್ಬ ಉಪ್ಪು, ಒಂದು ಹಂಡೆ

ನಾನು ಅನುಮಾನಪಟ್ಟದ್ದು ಉಪ್ಪಿನ ಮೇಲೆ. ಮೀನಿನ ತೊಟ್ಟಿಯ ನೀರಿಗೆ ಬೆರೆಸುವ ಹಳೆಯ ಉಪ್ಪು ಸಿಗದೆ ಬೇರೆ ಕಂಪನಿಯ ಡಬ್ಬ ತರಿಸಿದ್ದೆ. ಎರಡೇ ವಾರಕ್ಕೆ ನನ್ನ ಗಾಜಿನ ತೊಟ್ಟಿಯಲ್ಲಿ ಸಾಕಿದ್ದ ಹವಳ ಮುದುಡಿಕೊಂಡಿತು. ಉಗುರಿನಷ್ಟು ತಂದದ್ದು ಎರಡು ವರ್ಷದಲ್ಲಿ ಅಂಗೈಯಗಲ ಬೆಳೆದಿತ್ತು. ತುರುವೇಕೆರೆ ಸೀಮೆಯ ತೆಂಗಿನ ತೋಟದ ಮನೆಯಲ್ಲಿ ಸಮುದ್ರದ ನೀರು ಮಾಡಿಕೊಂಡು ಕೂತವನನ್ನು ಊರವರು ಆಡಿಕೊಳ್ಳುತ್ತಿದ್ದರು. ಅಮ್ಮ ಆಡಿಕೊಳ್ಳಲಿಲ್ಲ. ಮಂಡಿನೋವಿನಿಂದ ತೋಟಕ್ಕೆ ಇಳಿಯುವುದನ್ನು ಬಿಟ್ಟ ಮೇಲೆ, ಸಂಜೆಯಾದರೆ ತೊಟ್ಟಿಯ ಎದುರು ಕುರ್ಚಿ ಹಾಕಿಕೊಂಡು ಬೆಳ್ಳುಳ್ಳಿ ಬಿಡಿಸುತ್ತ ಕೂರುತ್ತಿದ್ದಳು. ಸಮುದ್ರವನ್ನು ಅವಳು ನೋಡಿಯೇ ಇಲ್ಲ. ಆ ಹವಳ ಉಳಿಯಬೇಕೆಂದು ನನಗಿಂತ ಅವಳಿಗೇ ಹೆಚ್ಚು ಆಸೆ.

ನಾನು ಮುಂಗೋಪಿ. ಅಂಗಡಿಯವನಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಬೈದೆ. ಇನ್ನೊಂದು ಕಂಪನಿಯ ಉಪ್ಪು ತರಿಸಿ, ಎರಡನ್ನೂ ಎರಡು ಬಕೆಟ್ಟಿನಲ್ಲಿ ಕಲಸಿ, ಪಂಪಿಟ್ಟು ದಿನವಿಡೀ ತಿರುಗಿಸಿದೆ. ಉಪ್ಪಿನಂಶ ನೋಡಿದೆ, ಸುಣ್ಣದಂಶ ನೋಡಿದೆ, ಪರೀಕ್ಷೆಯ ಔಷಧಿಯ ಹನಿ ಎಣಿಸುತ್ತ ನೀರಿನ ಬಣ್ಣ ತಿರುಗುವುದನ್ನು ಕಾದೆ. ಎರಡೂ ಸರಿಯಾಗಿದ್ದವು. ನಮ್ಮ ಬೋರಿನ ನೀರು ಗಡಸು, ಹಾಗಾಗಿ ಫಿಲ್ಟರಿನ ನೀರನ್ನೇ, ತೊಟ್ಟಿಯ ನೀರು ಬದಲಿಸುವ ಹಿಂದಿನ ಸಂಜೆ, ಬಚ್ಚಲುಮನೆಯ ಪ್ಲಾಸ್ಟಿಕ್ ಡ್ರಮ್ಮಿಗೆ ತುಂಬಿಡುತ್ತಿದ್ದೆ. ಅದರಲ್ಲೂ ತಪ್ಪು ಕಾಣಲಿಲ್ಲ.

ಹೊಸ ಉಪ್ಪಿನ ನೀರು ಹಾಕಿದ ಮರುದಿನ ಬಸವನಹುಳುಗಳು ಗಾಜಿನಿಂದ ಕಳಚಿ ಬಿದ್ದವು. ಗಾಬರಿಯಾಗಿ ಇನ್ನಷ್ಟು ನೀರು ಬದಲಿಸಿದೆ. ಸೀಗಡಿ ಸತ್ತಿತು. ಅಮ್ಮ ಗಾಜಿಗೆ ಬೆರಳಿಟ್ಟರೆ ಓಡಿ ಬರುತ್ತಿದ್ದ ಸೀಗಡಿ ಅದು. ಮೀನುಗಳು ಮಾತ್ರ ಏನೂ ಆಗದಂತೆ ಓಡಾಡಿಕೊಂಡಿದ್ದವು. ನೀರು ಬದಲಿಸಿದಷ್ಟೂ ಕೆಡುತ್ತಿತ್ತು, ನಾನು ಸಿಕ್ಕಿದವರ ಮೇಲೆಲ್ಲ ಹರಿಹಾಯುತ್ತಿದ್ದೆ.

"ಆ ಉಪ್ಪು ಮಾಡಿದೋನ್ಗೆ ಒಳ್ಳೇದಾಗಕಿಲ್ಲ ಬುಡು ಮಗ" ಎಂದಳು ಅಮ್ಮ.

ಮತ್ತೆ ನೀರು ಬದಲಿಸಬೇಕಾದ ದಿನ ಬೇಗ ಎದ್ದೆ. ಬಚ್ಚಲುಮನೆಯಲ್ಲಿ ಕಾಯಿಮಟ್ಟೆಯ ಹೊಗೆ. ಅಮ್ಮ ತಾಮ್ರದ ಹಂಡೆಯಿಂದ ಚೊಂಬಿನಲ್ಲಿ ಮೊಗೆದು ನನ್ನ ಡ್ರಮ್ಮಿಗೆ ಹುಯ್ಯುತ್ತಿದ್ದಳು.

"ನಿನ್ ಡ್ರಮ್ಮಿನ್ ನೀರ್ನ ರಾತ್ರೀನೇ ಹಂಡೆಗೆ ಹಾಕಿಟ್ಟಿದ್ದೆ ಕಣಪ್ಪ. ಕೆಂಡದ ಕಾವಿಗೆ ಬೆಚ್ಚಗೈತೆ. ಈ ಚಳೀಲಿ ತಣ್ಣೀರು ಹುಯ್ದ್ರೆ ಪಾಪ, ಅವು ನಡುಗಲ್ವಾ? ತಾಮ್ರದ್ ನೀರು ಮೈಗೂ ಒಳ್ಳೇದು."

ಚಳಿ ಶುರುವಾದಾಗಿನಿಂದ ಡ್ರಮ್ಮಿನ ನೀರು ಉಗುರುಬೆಚ್ಚಗಿರುತ್ತಿದ್ದದ್ದು ನನಗೆ ಗೊತ್ತಿತ್ತು. ಒಲೆಯ ಪಕ್ಕವಿದೆಯಲ್ಲ ಎಂದುಕೊಂಡು ಖುಷಿಪಟ್ಟಿದ್ದೆ. ಮೀನು ಒಂದಿಷ್ಟು ತಾಮ್ರ ತಡೆದುಕೊಳ್ಳುತ್ತದೆ, ಹವಳಕ್ಕೂ ಸೀಗಡಿಗೂ ಅದು ವಿಷ. ಹುಣಸೆಹಣ್ಣು ಹಾಕಿ ತಿಕ್ಕಿದ ಹಂಡೆ ಪಳಪಳ ಹೊಳೆಯುತ್ತಿತ್ತು. ಅಮ್ಮನ ಮುಖ ನೋಡಿ ಹೇಳಲು ಬಾಯಿ ಬರಲಿಲ್ಲ. ಅವಳು ಒಳಗೆ ಹೋದ ಮೇಲೆ ಆ ನೀರನ್ನು ತೆಂಗಿನ ಬುಡಕ್ಕೆ ಚೆಲ್ಲಿ ಬಂದೆ. ಯಾಕೆ ಚೆಲ್ಲಿದೆ ಎಂದು ಅಮ್ಮ ಕೇಳಿದಾಗ, "ಉಪ್ಪೇ ಸರಿಯಿಲ್ಲ ಕಣಮ್ಮ" ಎಂದುಬಿಟ್ಟೆ.

ಮೂರನೇ ದಿನ ಬಚ್ಚಲುಮನೆಯಲ್ಲಿ ಮತ್ತೆ ಹೊಗೆ. ನಾನು ಹೊಸದಾಗಿ ತುಂಬಿಟ್ಟಿದ್ದ ಡ್ರಮ್ಮು ಖಾಲಿ, ಹಂಡೆ ಭರ್ತಿ.

"ಉಪ್ಪಂತೂ ಕೆಟ್ಟದ್ದು, ನೀರಾದ್ರೂ ಒಳ್ಳೇದಿರ್ಲಿ ಅಂತ ಎರಡು ದಿನದಿಂದ ಹಂಡೇಲೇ ಇಟ್ಟಿವ್ನಿ" ಎಂದಳು.

"ಹಂಡೆ ಬೇಡಮ್ಮ. ತಾಮ್ರ ಅವಕ್ಕೆ ಆಗಲ್ಲ."

ಚೊಂಬು ಹಿಡಿದ ಕೈ ಅಲ್ಲೇ ನಿಂತಿತು. "ಹಂಗಾದ್ರೆ ಆ ಸೀಗಡಿ?"

ಇನ್ನೊಂದು ಸುಳ್ಳು ನಾಲಿಗೆಯ ತುದಿಯಲ್ಲಿತ್ತು. ಹೇಳಿದರೆ ನಾಳೆ ಮತ್ತೆ ಹಂಡೆ. "ಹೂಂ" ಎಂದೆ. ಅವಳು ಒಲೆಯ ಮಟ್ಟೆಯನ್ನು ಎಳೆದು ನೀರು ಚಿಮುಕಿಸಿ ಆರಿಸಿದಳು. ಅಂಗಡಿಯವನಿಗೆ ಬೈದಷ್ಟು ಸುಲಭವಾಗಿರಲಿಲ್ಲ ಆ ಹೊತ್ತು. ನನಗೆ ಅಳು ಬಂತು.

ಹಂಡೆ ಮುಟ್ಟದ ನೀರು ಹಾಕುತ್ತ, ಇದ್ದಿಲಿನಲ್ಲಿ ಸೋಸುತ್ತ ಮೂರು ವಾರ ಕಳೆದೆ. ನಿನ್ನೆ ಸಂಜೆ ಹವಳದ ಒಂದು ಅಂಚು ಬಿಚ್ಚಿಕೊಂಡಿತು. "ಅಮ್ಮಾ, ಬಾ ಇಲ್ಲಿ" ಎಂದು ಕೂಗಿ ಕುರ್ಚಿ ಎಳೆದಿಟ್ಟೆ. ಬೆಳ್ಳುಳ್ಳಿಯ ಮೊರ ಹಿಡಿದು ಅಡುಗೆಮನೆಯ ಬಾಗಿಲವರೆಗೆ ಬಂದು ನಿಂತಳು.

"ಇಲ್ಲಿಂದ್ಲೇ ಕಾಣ್ತದೆ ಬುಡಪ್ಪ. ನಾನ್ ಹತ್ರ ಬಂದ್ರೆ ಮತ್ತೇನಾಗ್ತದೋ."