ಹನುಮಕ್ಕನ ಕಣ್ಣು

ಶಿರಾ ಹತ್ತಿರದ ಕುರಿ ಸಂಶೋಧನಾ ಕೇಂದ್ರದಲ್ಲಿ ಹನುಮಕ್ಕನ ಕೆಲಸ ಇಷ್ಟೇ: ಗಬ್ಬದ ಕುರಿ ಮಿಸುಕಾಡದಂತೆ ಹಿಡಿದುಕೊಳ್ಳುವುದು. ಡಾಕ್ಟರ್ ಗಗನಾ ಅದರ ಹೊಟ್ಟೆಯ ಉಣ್ಣೆ ಬೋಳಿಸಿ, ತಣ್ಣನೆಯ ಜೆಲ್ ಸವರಿ, ಸ್ಕ್ಯಾನಿಂಗ್ ಯಂತ್ರದ ಹಿಡಿ ಒತ್ತಿದರೆ ಮರಿಯ ಹೊಕ್ಕುಳಬಳ್ಳಿಯಲ್ಲಿ ರಕ್ತ ಹರಿಯುವ ಸದ್ದು ಕೇಳುತ್ತಿತ್ತು. ಪರದೆಯ ಮೇಲೆ ಅದೇ ರಕ್ತ ಕೆಂಪಾಗಿ, ನೀಲಿಯಾಗಿ ಕಾಣುತ್ತಿತ್ತಂತೆ. ಅಂತೆ ಯಾಕೆಂದರೆ, ಹನುಮಕ್ಕ ಒಮ್ಮೆಯೂ ಅತ್ತ ತಿರುಗಿದವಳಲ್ಲ. ಕುರಿಯ ಕತ್ತಿಗೆ ಕೆನ್ನೆಯಾನಿಸಿ ಕಿಟಕಿಯಾಚೆಯ ಕಡಲೆಕಾಯಿ ಹೊಲ ನೋಡುತ್ತ ಕೂರುವಳು.

ಸದ್ದನ್ನೇನೋ ಆಸೆಪಟ್ಟು ಕೇಳುತ್ತಿದ್ದಳು. ಅವ್ವ ಮೊರದಲ್ಲಿ ರಾಗಿ ಕೇರುತ್ತಿದ್ದ ಸದ್ದಿನಂತಿತ್ತು ಅದು. ಕಣ್ಣೆವೆ ಭಾರವಾಗಿ, ತಾನು ಅಂಗಳದಲ್ಲಿ ಮಲಗಿದಂತೆ, ಹೊಟ್ಟು ಹಾರಿ ಬಂದು ಮೈಮೇಲೆ ಉದುರಿದಂತೆ ಅನಿಸುತ್ತಿತ್ತು. ಮಗ್ಗುಲಲ್ಲಿ ಒಂದು ಕೂಸೂ ಇರುತ್ತಿತ್ತು.

ಆ ಕೂಸು ಅವಳದೇ. ಚೊಚ್ಚಲ ಬಸಿರಿನಲ್ಲಿ ಹನುಮಕ್ಕ ಹಿಗ್ಗು ತಡೆಯಲಾರದೆ ಮೊದಲೇ ಕುಲಾವಿ ಹೊಲಿದಿಟ್ಟಿದ್ದಳು. ಹೊಟ್ಟೆ ನೋಡಿಕೊಂಡು ಒಬ್ಬಳೇ ನಗುತ್ತಿದ್ದಳು. ಮಗು ಉಸಿರಿಲ್ಲದೆ ಹುಟ್ಟಿತು. ನಿನ್ನ ಕಣ್ಣೇ ತಾಗಿತು ಎಂದುಬಿಟ್ಟಳು ಅತ್ತೆ ಮಂಜಮ್ಮ. ಅತ್ತೆ ತೀರಿಕೊಂಡು ಎಷ್ಟೋ ಕಾಲವಾಯಿತು, ಮಾತು ಸಾಯಲಿಲ್ಲ. ಅಂಥ ಹಾಳು ಮಾತಿಗೆ ಆಯುಸ್ಸು ಜಾಸ್ತಿ. ಅಂದಿನಿಂದ ಹನುಮಕ್ಕ ಯಾವ ಬಸಿರನ್ನೂ ಕಣ್ತುಂಬ ನೋಡಿದವಳಲ್ಲ.

ಅಂದು ಕರಿಕಿವಿಯ ಕುರಿಯ ಸರದಿ. ಕೇರುವ ಸದ್ದು ನಡುನಡುವೆ ತಡವರಿಸಿತು. ಬಡಿತಕ್ಕೂ ಬಡಿತಕ್ಕೂ ನಡುವೆ ರಕ್ತ ನಿಂತೇ ಹೋಗುತ್ತಿದೆ, ಮರಿ ಸೊರಗಿದೆ, ಇಂಜೆಕ್ಷನ್ ಕೊಟ್ಟು ದಿನ ತುಂಬುವ ಮೊದಲೇ ಮರಿ ಹಾಕಿಸಬೇಕು ಎಂದರು ಗಗನಾ. ಬದುಕುತ್ತದೆಂದು ಅವರೂ ಹೇಳಲಿಲ್ಲ.

ಹನುಮಕ್ಕ ಕುರಿಯನ್ನು ಇನ್ನಷ್ಟು ಹತ್ತಿರಕ್ಕೆಳೆದುಕೊಂಡಳು. ಯಾರ ಕಣ್ಣು ತಾಗಿತೋ ಎನ್ನುತ್ತ, ಯಾರಿಗೂ ಹೇಳದ ತನ್ನ ಕೂಸಿನ ಕಥೆಯನ್ನೆಲ್ಲ ಹೇಳಿಬಿಟ್ಟಳು.

ಗಗನಾ ಪರದೆಯನ್ನು ಅವಳತ್ತ ಸರಿಸಿದರು. "ದಿನಾ ಕಣ್ಣಿಟ್ಟು ನೋಡೋದು ನಾನು, ಮಿಕ್ಕ ಕುರಿಗಳೆಲ್ಲ ಚೆನ್ನಾಗೇ ಇದಾವೆ. ಈ ಮರೀನ ನೀವು ಒಂದ್ಸಲನೂ ನೋಡ್ಲಿಲ್ಲ ಹನುಮಕ್ಕ. ಆದ್ರೂ ಸೊರಗ್ತಲ್ಲ."

ಹನುಮಕ್ಕ ಮೆಲ್ಲಗೆ ಕತ್ತು ತಿರುಗಿಸಿದಳು. ಪರದೆಯಲ್ಲಿ ಕೆಂಪು ಎಳೆಯೊಂದು ಮಿನುಗಿತು, ಆರಿತು, ಮತ್ತೆ ಮಿನುಗಿತು.

"ನನ್ ಕೂಸಿಗೂ ಇಂಗೇ ನಿಂತೋಗಿರ್ಬೈದಾ ಡಾಕ್ಟ್ರಮ್ಮ?"

ಇರಬಹುದು ಎಂದರು ಗಗನಾ. ಕುರಿಯ ಬೆನ್ನಿಗೆ ಮುಖವಿಟ್ಟು ಹನುಮಕ್ಕ ಗಳಗಳನೆ ಅತ್ತಳು.

ಇಂಜೆಕ್ಷನ್ ಕೊಟ್ಟ ಎರಡನೇ ದಿನ ಮರಿ ಹುಟ್ಟಿತು. ಬೊಗಸೆಯಷ್ಟು ಟಗರು, ಉಸಿರಾಡುತ್ತಿತ್ತು. ಹನುಮಕ್ಕ ಅದನ್ನು ಸೆರಗಲ್ಲಿ ಒರೆಸಿ, ಮಡಿಲಲ್ಲಿಟ್ಟುಕೊಂಡು, ಮೂತಿಯಿಂದ ಗೊರಸಿನವರೆಗೂ ನೋಡಿದಳು, ನೋಡುತ್ತಲೇ ಇದ್ದಳು.

"ಚೆಂದಾಗವ್ನೆ ಕಣಮ್ಮ," ಎಂದಳು, ಎಲ್ಲರಿಗೂ ಕೇಳುವ ಹಾಗೆ.