ಒಂದು ಒರಳು, ಎರಡು ಒನಕೆ

ನಾನು ಬರೆಯಬೇಕೆಂದಿರುವ ಕಾದಂಬರಿಯ ಕತೆ ಇಷ್ಟು. ಕಂಪೆನಿ ಸರಕಾರದ ಮೇಲೆ ಸಿಟ್ಟಾದ ರೈತರು ಸುಳ್ಯದ ಕಡೆಯಿಂದ ದಂಡು ಕಟ್ಟಿ, ಪುತ್ತೂರು ದಾಟಿ ಮಂಗಳೂರಿಗೆ ಹೊರಟ ಕಾಲ. ದಂಡಿನ ಬುತ್ತಿಗೆ ಅವಲಕ್ಕಿ ಬೇಕು. ಒಂದು ಮನೆಯ ಅಂಗಳದಲ್ಲಿ ಅತ್ತಿಗೆ ನಾದಿನಿ ಇಬ್ಬರೂ ಒಂದೇ ಒರಳಿಗೆ ಎದುರುಬದುರು ನಿಂತು ಕುಟ್ಟುತ್ತಾರೆ. ಒಬ್ಬಳ ಒನಕೆ ಏಳುವಾಗ ಇನ್ನೊಬ್ಬಳದ್ದು ಬೀಳಬೇಕು. ತಪ್ಪಿದರೆ ಒನಕೆಗೆ ಒನಕೆ ಬಡಿಯುತ್ತದೆ. ಕುಟ್ಟುತ್ತಾ ಕುಟ್ಟುತ್ತಾ ಒಬ್ಬಳ ಉಸಿರು ಇನ್ನೊಬ್ಬಳಿಗೆ ಬಾಯಿಪಾಠವಾಗಿಬಿಡುತ್ತದೆ. ಗಂಡಸರು ಹೋದವರು ಮರಳುವುದಿಲ್ಲ. ಇವರಿಬ್ಬರೇ ಉಳಿಯುತ್ತಾರೆ. ಮುಂದೇನು ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ.

ಗೊತ್ತಿಲ್ಲ ಎಂದರೆ ಪೂರ್ತಿ ನಿಜವಲ್ಲ. ನನಗೊಂದು ಕೊನೆ ಹೊಳೆದಿತ್ತು, ನನ್ನ ಜೊತೆಗಿದ್ದವಳು ಬಿಡಲಿಲ್ಲ. ಅವಳು ಸುಳ್ಯದ ಆಸ್ಪತ್ರೆಯೊಂದರಲ್ಲಿ ರಕ್ತ ಪರೀಕ್ಷೆ ಮಾಡುತ್ತಿದ್ದಳು, ನಾನು ಪುತ್ತೂರಿನ ಹೈಸ್ಕೂಲಿಗೆ ಕನ್ನಡ ಟೀಚರ್. ಸುಳ್ಯದ ಬಾಡಿಗೆ ಮನೆಯಲ್ಲಿ ಹದಿಮೂರು ವರ್ಷ ಒಟ್ಟಿಗೆ ಬದುಕಿದೆವು. ನಾವು ಒಬ್ಬರಿಗೊಬ್ಬರು ಏನು ಎಂದು ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಇಬ್ಬರು ಗಂಡಸರು ಹಾಗಿದ್ದರೆ ಊರು ಏನಾದರೂ ಆಡಿಕೊಳ್ಳುತ್ತಿತ್ತೋ ಏನೋ. ಇಬ್ಬರು ಹೆಂಗಸರು ಒಟ್ಟಿಗಿದ್ದರೆ ಊರಿಗೆ ಅದು ಬಾಡಿಗೆ ಉಳಿಸುವ ಉಪಾಯ. ಮರ್ಕಂಜದ ಅವಳ ಮನೆಯವರಿಗೆ ನಾನು ಟೀಚರು, ಒಳ್ಳೆಯ ಗೆಳತಿ, ಹಬ್ಬಕ್ಕೆ ಬಂದರೆ ಪಾಯಸ ಎರಡು ಸಲ ಬಡಿಸಬೇಕಾದವಳು.

ಆ ದಂಗೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ದಂಡು ಎಲ್ಲಿ ತಂಗಿತು, ಯಾರನ್ನು ಗಲ್ಲಿಗೇರಿಸಿದರು, ಎಲ್ಲ ಇತ್ತು. ಅವಲಕ್ಕಿ ಕುಟ್ಟಿದವರು ಎಲ್ಲೂ ಇರಲಿಲ್ಲ. ಹಾಗಾಗಿ ಕತೆ ಕಟ್ಟಬೇಕಾಯಿತು. ಸಂಜೆ ಅವಳು ತೆಂಗಿನಕಾಯಿ ತುರಿಯುತ್ತಾ ಕೂತರೆ ನಾನು ಎದುರು ನೋಟ್‌ಬುಕ್ ಹಿಡಿದು ಓದಿ ಹೇಳುತ್ತಿದ್ದೆ. ನಾದಿನಿ ಹಟ ಮಾಡಿ ತನ್ನ ಗೆಳತಿಯನ್ನೇ ಅಣ್ಣನಿಗೆ ತಂದುಕೊಂಡದ್ದು ಅವಳೇ ನನಗೆ ಕೊಟ್ಟ ಉಪಾಯ. ಒಂದೇ ಮನೆಯಲ್ಲಿರಲು ಆ ಕಾಲದಲ್ಲಿ ಬೇರೆ ದಾರಿ ಎಲ್ಲಿತ್ತು ಎನ್ನುತ್ತಿದ್ದಳು. ನನ್ನ ಕೊನೆಯಲ್ಲಿ ಅಣ್ಣ ಸತ್ತ ಸುದ್ದಿ ಬರುತ್ತದೆ, ವಿಧವೆಯಾದ ಅತ್ತಿಗೆಯನ್ನು ತವರಿನವರು ಕರೆದೊಯ್ಯಲು ಬರುತ್ತಾರೆ, ನಾದಿನಿ ಪಯಸ್ವಿನಿಗೆ ಹಾರುತ್ತಾಳೆ. ಓದಿ ಮುಗಿಸಿದಾಗ ನನ್ನ ಕಣ್ಣಲ್ಲೇ ನೀರಿತ್ತು. ಅವಳು ತುರಿಯುವುದನ್ನು ನಿಲ್ಲಿಸಿದಳು.

"ಸಾಯಿಸುದು ಎಂತ ದೊಡ್ಡ ವಿಷಯ? ಬದುಕಿಸಿ ತೋರ್ಸು. ಇಬ್ರೂ ಸಾಯ್ಬಾರ್ದು, ಇನ್ನೊಂದು ಮದುವೆಯೂ ಆಗ್ಬಾರ್ದು. ಅಷ್ಟು ಬರೀಲಿಕ್ಕೆ ಆಗದಿದ್ರೆ ನೀನೆಂತ ಟೀಚರು?"

ಆಯಿತು ಎಂದು ಮಾತು ಕೊಟ್ಟೆ. ಆ ಪುಟ ಹರಿದೆ. ಹೊಸತು ಬರೆಯುವ ಮೊದಲೇ ಅವಳಿಗೆ ಇಲಿಜ್ವರ ಬಂತು. ಬೇರೆಯವರ ರಕ್ತದಲ್ಲಿ ಅದನ್ನು ಪತ್ತೆ ಮಾಡುತ್ತಿದ್ದವಳು ತನ್ನದು ಬರೀ ಶೀತ ಎಂದು ನಾಲ್ಕು ದಿನ ಕಳೆದಳು. ಐಸಿಯು ಒಳಗೆ ಮನೆಯವರು ಮಾತ್ರ ಎಂದರು. ಅವಳ ಅಣ್ಣ ಹೋದ. ನಾನು ಹೊರಗೆ ಅವಳ ಚಪ್ಪಲಿ ಹಿಡಿದು ಕೂತಿದ್ದೆ.

ಇದು ಏಳು ವರ್ಷದ ಹಿಂದಿನ ಮಾತು. ಹೋದ ಆಟಿ ತಿಂಗಳ ಮಳೆಯಲ್ಲಿ ಮರ್ಕಂಜದಿಂದ ಅವಳ ಅತ್ತಿಗೆ ನನ್ನಲ್ಲಿಗೆ ಬಂದರು. ಮಗಳಿಗೆ ಮೂರು ಸಂಬಂಧ ಕೂಡಿಬಂದು ಮುರಿದಿತ್ತು. ಮನೆಯಲ್ಲಿ ಮದುವೆಯಾಗದೆ ಸತ್ತವಳೊಬ್ಬಳು ಇದ್ದಾಳೆ, ಮೊದಲು ಅವಳದ್ದು ಆಗಲಿ ಎಂದು ಜೋಯಿಸರು ಹೇಳಿದರಂತೆ. ನಮ್ಮಲ್ಲಿ ಇದಕ್ಕೆ ಕುಲೆ ಮದುವೆ, ಅಂದರೆ ಪ್ರೇತದ ಮದುವೆ, ಎನ್ನುತ್ತಾರೆ. ಸತ್ತ ಹೆಣ್ಣಿಗೆ ಸತ್ತ ಗಂಡು ಹುಡುಕಿ, ಬದುಕಿದವರಿಗೆ ಮಾಡುವ ಹಾಗೆಯೇ ಶಾಸ್ತ್ರ ಮಾಡಿ ಮುಗಿಸುವುದು. ಗಂಡು ಸಿಕ್ಕಿದ್ದ. ಕಡಬದ ಕಡೆಯವನು, ಬೈಕಿನಿಂದ ಬಿದ್ದು ತೀರಿಹೋದವನು.

"ಧಾರೆ ಸೀರೆಗೆ ಅವಳಿಗೆ ಎಂತ ಬಣ್ಣ ಇಷ್ಟ ಅಂತ ನಿಮ್ಗೆ ಗೊತ್ತುಂಟಲ್ಲ ಟೀಚರೇ? ನಮ್ಗೆ ಯಾರಿಗೂ ಗೊತ್ತಿಲ್ಲ."

ಅವಳಿಗೆ ಮದುವೆ ಆಗಿತ್ತು ಎಂದು ಹೇಳಬಹುದಿತ್ತು. ಹದಿಮೂರು ವರ್ಷ ಹೇಳದವಳಿಗೆ ಆ ದಿನ ಬಾಯಿ ಎಲ್ಲಿಂದ ಬರಬೇಕು? ಅವಳ ಬಣ್ಣ ಇಂಕಿನಂಥ ಕಡುನೀಲಿ. ನಾನು ಗುಲಾಬಿ ಎಂದೆ.

ಹಿಂದೊಮ್ಮೆ ಗುಲಾಬಿ ಸೀರೆಯೊಂದನ್ನು ನಾನೇ ಆರಿಸಿ ಒತ್ತಾಯದಿಂದ ಉಡಿಸಿದ್ದೆ. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂದು ಗಾದೆ ಹೇಳಿ ಒಂದು ದಿನ ಉಟ್ಟಳು. ಬೊಂಬಾಯಿ ಮಿಠಾಯಿಯ ಹಾಗೆ ಕಾಣುತ್ತೇನೆ, ಈ ಬಣ್ಣದಲ್ಲಿ ನನ್ನನ್ನು ಸುಡಲಿಕ್ಕೂ ಬಿಡಬೇಡ ಎಂದು ಮಡಚಿಟ್ಟಳು. ಅದು ನೆನಪಿದ್ದೇ ಹೇಳಿದೆ. ಕುಲೆಗೆ ಒಪ್ಪಿಗೆ ಇಲ್ಲದಿದ್ದರೆ ಏನಾದರೂ ವಿಘ್ನ ಬಂದು ಮದುವೆ ನಿಲ್ಲುತ್ತದೆ ಎಂದು ನಮ್ಮವರು ಹೇಳುವುದುಂಟು. ಬಣ್ಣ ನೋಡಿದ್ದೇ ಅವಳು ಸಿಟ್ಟಾಗಲಿ ಎಂದುಕೊಂಡೆ. ನನ್ನ ಕೈಲಾಗದ್ದನ್ನು ಸತ್ತವಳ ತಲೆಗೆ ಕಟ್ಟಿದೆ.

ವಿಘ್ನ ಬರಲಿಲ್ಲ. ಮರ್ಕಂಜದ ಮನೆಯ ಚಾವಡಿಯಲ್ಲಿ ಎರಡು ಕುರ್ಚಿ. ಒಂದರ ಮೇಲೆ ಪಂಚೆ, ಶಾಲು. ಇನ್ನೊಂದಕ್ಕೆ ಸೀರೆ ಇಡಲು ನನ್ನನ್ನೇ ಕರೆದರು, ಗೆಳತಿಯಲ್ಲವೇ ಎಂದು. ಕುಲೆ, ಜೋಯಿಸ ಯಾವುದನ್ನೂ ನಂಬದವಳು ನಾನು. ಆದರೆ ಆ ಗುಲಾಬಿ ಸೀರೆ ಬಿಡಿಸಿ ಹಿಡಿದ ನೆರಿಗೆಯನ್ನು ಮೂರು ಸಲ ಬಿಚ್ಚಿ ಮತ್ತೆ ಹಿಡಿದೆ. ನಂಬದವಳಾದರೆ ಸುಳ್ಳು ಹೇಳಿದ್ದು ಯಾರಿಗೋಸ್ಕರ? ನಂಬಿದವಳಾದರೆ, ಅವಳು ಇನ್ನೆಂದೂ ಕಳಚಲಾಗದ ಸೀರೆಯನ್ನು ನಾನೇ ಉಡಿಸುತ್ತಿದ್ದೆ. ಮೇಲೆ ಮಲ್ಲಿಗೆ ಇಟ್ಟೆ. ಗಂಡಿನ ತಾಯಿ ಬಂದು ಸೆರಗು ಸವರಿ, ಇನ್ನು ಇವಳು ನಮ್ಮ ಮನೆಯವಳು, ಒಬ್ಬಳೇ ಅಂತ ಆಗುದಿಲ್ಲ ಎಂದು ಅತ್ತರು. ಆ ತಾಯಿಯ ಮೇಲೆ ಸಿಟ್ಟು ಮಾಡಲೂ ನನ್ನಿಂದಾಗಲಿಲ್ಲ. ಅವಳ ಹೆಸರಿನಲ್ಲಿ ಹಾಕಿದ ಎಲೆಗೆ ಬಡಿಸಿದ ಪಾಯಸ ಆರುವವರೆಗೂ ಅಲ್ಲೇ ನಿಂತಿದ್ದೆ.

ಎರಡು ತಿಂಗಳಲ್ಲಿ ಅವಳ ಅಣ್ಣನ ಮಗಳಿಗೆ ಸಂಬಂಧ ಗಟ್ಟಿಯಾಯಿತು. ಅತ್ತಿಗೆ ಫೋನು ಮಾಡಿದರು. "ಸೀರೆ ಅವಳಿಗೆ ಹಿಡಿಸಿತು ಟೀಚರೇ. ನೀವು ಸರಿಯಾಗಿಯೇ ಹೇಳಿದ್ರಿ."

ಹೌದು ಎಂದೆ.

ನೋಟ್‌ಬುಕ್ಕಿನಲ್ಲಿ ಹರಿದ ಪುಟದ ಬುಡ ಇನ್ನೂ ಇದೆ. ಅದರ ಮುಂದಿನ ಪುಟಕ್ಕೆ ದಿನವೂ ಕೂರುತ್ತೇನೆ. ಇಬ್ಬರನ್ನೂ ಅಂಗಳಕ್ಕೆ ತಂದು ಒರಳಿನ ಎದುರು ನಿಲ್ಲಿಸಿ, ಕೈಗೆ ಒನಕೆ ಕೊಡುತ್ತೇನೆ. ಒಬ್ಬಳು ಎತ್ತುತ್ತಾಳೆ, ಕುಟ್ಟುತ್ತಾಳೆ. ಎದುರು ನಿಂತವಳು ಗುಲಾಬಿ ಸೀರೆ ಉಟ್ಟಿದ್ದಾಳೆ, ಒನಕೆ ಎತ್ತುವುದಿಲ್ಲ.